ಹಾಸನದಲ್ಲಿ ಕಾಲೇಜಿನ ಮೊದಲ ವಾರ: ಹೊಸ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದ ಕಾಲೇಜುಗಳಿಗೆ ಪ್ರತಿವರ್ಷ ಸೇರುವವರಲ್ಲಿ ನಗರದ ಮಕ್ಕಳಷ್ಟೇ ಇರುವುದಿಲ್ಲ. ಸಕಲೇಶಪುರದ ತೋಟಗಳಿಂದ, ಅರಸೀಕೆರೆಯ ಬಯಲುಸೀಮೆಯ ಹಳ್ಳಿಗಳಿಂದ, ಆಲೂರು, ಬೇಲೂರು, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳಿಂದ ಬರುವವರು ಬಹಳ ಮಂದಿ. ಅವರಲ್ಲಿ ಅನೇಕರು ತಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು. ಕೇಳಿ ತಿಳಿದುಕೊಳ್ಳಲು ಮನೆಯಲ್ಲಿ ಯಾರೂ ಇಲ್ಲದಿದ್ದಾಗ ಸಣ್ಣ ಸಂಶಯವೂ ದೊಡ್ಡದಾಗಿ ಕಾಣುತ್ತದೆ. ಕಾಲೇಜಿನಲ್ಲಿ ಕೇಳಿದರೆ ದಡ್ಡರೆಂದುಕೊಂಡಾರು ಎಂಬ ಅಳುಕಿನಿಂದ ಅದು ಮನಸ್ಸಿನಲ್ಲೇ ಉಳಿದುಬಿಡುತ್ತದೆ. ಪದವಿ ತರಗತಿಗಳಿಗೆ ಪಾಠ ಹೇಳುವ ನಾನು ಕಂಡಂತೆ, ಮೊದಲ ವಾರದಲ್ಲಿ ಹಿಂದೆ ಬೀಳುವವರಲ್ಲಿ ಹೆಚ್ಚಿನವರು ಕೇಳದೆ ಸುಮ್ಮನೆ ಕುಳಿತವರೇ. ಅಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಉತ್ತರಗಳನ್ನು ಬರೆದಿದ್ದೇನೆ.

ಮೊದಲ ದಿನ ಏನೇನು ತೆಗೆದುಕೊಂಡು ಹೋಗಬೇಕು?

ಪ್ರವೇಶದ ಸಮಯದಲ್ಲಿಯೇ ಮೂಲ ದಾಖಲೆಗಳನ್ನು ಒಪ್ಪಿಸಿದ್ದರೆ ಶುಲ್ಕ ಕಟ್ಟಿದ ರಸೀದಿ, ಆಧಾರ್ ಕಾರ್ಡ್, ಗುರುತಿನ ಚೀಟಿಗೆ ಬೇಕಾಗುವ ನಾಲ್ಕಾರು ಫೋಟೊ, ಒಂದು ನೋಟ್‌ಬುಕ್ಕು ಇಷ್ಟಿದ್ದರೆ ಸಾಕು. ಇನ್ನೂ ಒಪ್ಪಿಸಿಲ್ಲವಾದರೆ, ಕೊಡುವ ಮೊದಲು ಎಸ್ಸೆಸ್ಸೆಲ್ಸಿ ಮತ್ತು ಪಿಯು ಅಂಕಪಟ್ಟಿ, ವರ್ಗಾವಣೆ ಪತ್ರ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಎರಡು ಮೂರು ಜೊತೆ ಜೆರಾಕ್ಸ್ ಮಾಡಿಸಿಟ್ಟುಕೊಳ್ಳಿ. ಹಾಸ್ಟೆಲ್, ಬಸ್ ಪಾಸ್, ವಿದ್ಯಾರ್ಥಿವೇತನ ಎಲ್ಲದಕ್ಕೂ ಇವೇ ದಾಖಲೆಗಳನ್ನು ಕೇಳುತ್ತಾರೆ. ಒಮ್ಮೆ ಕಚೇರಿಯ ಬೀರು ಸೇರಿದ ಮೂಲ ಪ್ರತಿಯನ್ನು ಮತ್ತೆ ಹೊರಗೆ ತೆಗೆಸಬೇಕಾದರೆ ಅರ್ಜಿ ಬರೆದು ಕಾಯಬೇಕಾಗುತ್ತದೆ.

ಇದಕ್ಕಿಂತ ಮುಖ್ಯವಾದ, ಆದರೆ ಬಹಳ ಮಂದಿ ಗಮನಿಸದ ಒಂದು ವಿಷಯವಿದೆ. ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳಿಗೆ ಸೇರಿದ ಪದವಿ ಕಾಲೇಜುಗಳಲ್ಲಿ ಪ್ರವೇಶದಿಂದ ಹಿಡಿದು ಪರೀಕ್ಷಾ ಅರ್ಜಿಯವರೆಗಿನ ಕೆಲಸಗಳು ಯುಯುಸಿಎಂಎಸ್ ಜಾಲತಾಣದ ಮೂಲಕ ನಡೆಯುತ್ತವೆ. ನಿಮ್ಮ ಅರ್ಜಿಯನ್ನು ಊರಿನ ಸೈಬರ್ ಸೆಂಟರಿನವರು ತುಂಬಿಕೊಟ್ಟಿದ್ದರೆ ಅದರ ಯೂಸರ್ ಐಡಿ ಮತ್ತು ಪಾಸ್‌ವರ್ಡ್ ನಿಮ್ಮ ಬಳಿ ಇವೆಯೇ, ಅಲ್ಲಿ ದಾಖಲಾಗಿರುವ ಮೊಬೈಲ್ ಸಂಖ್ಯೆ ನಿಮ್ಮದೇ ಅಥವಾ ಮನೆಯವರದೇ ಎಂಬುದನ್ನು ಈ ವಾರವೇ ನೋಡಿಕೊಳ್ಳಿ. ಪರೀಕ್ಷಾ ಶುಲ್ಕ ಕಟ್ಟುವ ಕೊನೆಯ ದಿನ ಓಟಿಪಿ ಬೇರೆ ಯಾರದೋ ಫೋನಿಗೆ ಹೋದರೆ ಆಗುವ ಪೇಚಾಟ ಅಷ್ಟಿಷ್ಟಲ್ಲ.

ಮೊದಲ ವಾರ ಪಾಠವೇ ನಡೆಯುವುದಿಲ್ಲ ಎನ್ನುತ್ತಾರೆ. ಎರಡನೆಯ ವಾರದಿಂದ ಹೋದರೆ ಆಗದೇ?

ಆಗುವುದಿಲ್ಲ. ಪಾಠ ಕಡಿಮೆ ಇರಬಹುದು, ಆದರೆ ತರಗತಿಯ ಗುಂಪು ವಿಂಗಡಣೆ, ಪ್ರಯೋಗಾಲಯದ ಬ್ಯಾಚು, ಭಾಷಾ ವಿಷಯದ ಆಯ್ಕೆ, ನಿಮ್ಮ ಮೆಂಟರ್ (ನಿಮಗೆ ಮಾರ್ಗದರ್ಶನ ಮಾಡುವ ಉಪನ್ಯಾಸಕರು) ಯಾರೆಂಬ ನಿರ್ಧಾರ ಎಲ್ಲವೂ ಆಗುವುದು ಈ ದಿನಗಳಲ್ಲಿಯೇ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹೊಸಬರಿಗೆಂದೇ ಮೂರು ವಾರಗಳ ಪರಿಚಯ ಕಾರ್ಯಕ್ರಮವನ್ನು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ರೂಪಿಸಿದೆ. ಉಳಿದ ಪದವಿ ಕಾಲೇಜುಗಳಲ್ಲಿ ಇಂಥದೇ ಕಾರ್ಯಕ್ರಮ ನಡೆಸಲು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2019ರಲ್ಲಿ ‘ದೀಕ್ಷಾರಂಭ’ ಎಂಬ ಹೆಸರಿನಲ್ಲಿ ಮಾರ್ಗದರ್ಶಿ ಹೊರಡಿಸಿದೆ. ಭಾಷಣಗಳು ಬೇಸರ ತರಿಸಿದರೂ ಗ್ರಂಥಾಲಯ ಎಲ್ಲಿದೆ, ಪರೀಕ್ಷಾ ವಿಭಾಗದ ಕಿಟಕಿ ಯಾವುದು, ದೂರಿದ್ದರೆ ಯಾರ ಬಳಿ ಹೋಗಬೇಕು ಎಂಬುದು ಅಲ್ಲಿಯೇ ತಿಳಿಯುತ್ತದೆ.

ಹಾಜರಾತಿಯ ಲೆಕ್ಕವೂ ಇದೆ. ಸಾಮಾನ್ಯವಾಗಿ ಪ್ರತಿ ವಿಷಯದಲ್ಲಿ ಶೇಕಡ 75ರಷ್ಟು ಹಾಜರಾತಿ ಇಲ್ಲದವರಿಗೆ ಪರೀಕ್ಷೆಗೆ ಕೂರಲು ಬಿಡುವುದಿಲ್ಲ. ಕೆಲವು ವೃತ್ತಿಪರ ಕೋರ್ಸುಗಳಲ್ಲಿ ಇದಕ್ಕಿಂತ ಹೆಚ್ಚು ಬೇಕು. ಸೆಮಿಸ್ಟರ್ ಪದ್ಧತಿಯಲ್ಲಿ ತರಗತಿಗಳು ನಡೆಯುವುದು ಸುಮಾರು ನಾಲ್ಕು ತಿಂಗಳು ಮಾತ್ರ. ಪಿಯುಸಿಯಲ್ಲಿ ವರ್ಷವಿಡೀ ಇದ್ದ ಅವಕಾಶ ಇಲ್ಲಿರುವುದಿಲ್ಲವಾದ್ದರಿಂದ ಆರಂಭದಲ್ಲಿ ಕಳೆದುಕೊಂಡ ದಿನಗಳು ಮಳೆ, ಜ್ವರ, ಮನೆಯ ಶುಭಕಾರ್ಯಗಳ ದಿನಗಳ ಜೊತೆ ಸೇರಿ ಕೊನೆಗೆ ಭಾರವಾಗುತ್ತವೆ. ಸೀಟು ಹಂಚಿಕೆ ತಡವಾಗಿ ನಿಜಕ್ಕೂ ತಡವಾಗಿ ಸೇರಿದವರು ವಿಭಾಗದ ಮುಖ್ಯಸ್ಥರನ್ನು ಕಂಡು, ತಾವು ಸೇರಿದ ದಿನಾಂಕವನ್ನು ಹಾಜರಿ ಪುಸ್ತಕದಲ್ಲಿ ನಮೂದಿಸಿಕೊಳ್ಳುವಂತೆ ವಿನಂತಿಸಬೇಕು.

ಕನ್ನಡ ಮಾಧ್ಯಮದಲ್ಲಿ ಓದಿ ಬಂದಿದ್ದೇನೆ. ತರಗತಿಯಲ್ಲಿ ಹೇಳುವುದು ಅರ್ಧವೂ ಅರ್ಥವಾಗುತ್ತಿಲ್ಲ. ನನ್ನಿಂದ ಇದು ಸಾಧ್ಯವೇ?

ಸಾಧ್ಯ. ಈ ಪ್ರಶ್ನೆಯನ್ನು ಎಲ್ಲಕ್ಕಿಂತ ಹೆಚ್ಚು ಮಂದಿ ಕೇಳುತ್ತಾರೆ, ಅದೂ ತೀರಾ ಮೆಲುದನಿಯಲ್ಲಿ. ಆದ್ದರಿಂದ ಇದಕ್ಕೆ ವಿವರವಾಗಿಯೇ ಉತ್ತರಿಸಬೇಕು.

ಮೊದಲಿಗೆ, ನಿಮಗೆ ವಿಷಯ ಗೊತ್ತಿಲ್ಲವೋ ಅಥವಾ ಗೊತ್ತಿರುವ ವಿಷಯದ ಇಂಗ್ಲಿಷ್ ಹೆಸರು ಗೊತ್ತಿಲ್ಲವೋ ಎಂಬುದನ್ನು ಬೇರ್ಪಡಿಸಿ ನೋಡಿ. ದ್ಯುತಿಸಂಶ್ಲೇಷಣೆಯನ್ನು ಹೈಸ್ಕೂಲಿನಲ್ಲಿ ಚೆನ್ನಾಗಿ ಕಲಿತವರು, ವಾಣಿಜ್ಯದಲ್ಲಿ ಸವಕಳಿಯ ಲೆಕ್ಕವನ್ನು ತಪ್ಪಿಲ್ಲದೆ ಮಾಡಿದವರು ಅದೇ ಪಾಠವನ್ನು ಇಂಗ್ಲಿಷಿನಲ್ಲಿ ಕೇಳಿದಾಗ ಏನೂ ಬಾರದವರಂತೆ ತಲೆ ತಗ್ಗಿಸಿ ಕೂರುವುದನ್ನು ನೋಡಿದಾಗ ಸಂಕಟವಾಗುತ್ತದೆ. ನೋಟ್‌ಬುಕ್ಕಿನ ಕೊನೆಯ ಹತ್ತು ಹಾಳೆಗಳನ್ನು ಪಾರಿಭಾಷಿಕ ಪದಗಳಿಗೆಂದೇ ಬಿಡಿ. ಪಾಠ ನಡೆಯುವಾಗ ಕಿವಿಗೆ ಬಿದ್ದ ಹೊಸ ಪದವನ್ನು ಕೇಳಿಸಿದಂತೆ ಕನ್ನಡ ಲಿಪಿಯಲ್ಲಿ ಗೀಚಿಕೊಂಡರೂ ಸರಿಯೇ, ಸಂಜೆ ಅದರ ಸರಿಯಾದ ಕಾಗುಣಿತವನ್ನು ಪುಸ್ತಕದಲ್ಲಿ ಹುಡುಕಿ, ಎದುರಿಗೆ ಕನ್ನಡದ ಅರ್ಥವನ್ನು ಬರೆಯಿರಿ. ಒಂದು ವಿಷಯದ ಒಂದು ಘಟಕದಲ್ಲಿ ಮತ್ತೆ ಮತ್ತೆ ಬರುವ ಪದಗಳು ಬಹಳ ಇರುವುದಿಲ್ಲ. ಅವು ಹಿಡಿತಕ್ಕೆ ಬಂದ ಮೇಲೆ ಉಳಿದ ವಾಕ್ಯಗಳು ತಾವೇ ತೆರೆದುಕೊಳ್ಳುತ್ತವೆ.

ಮರುದಿನದ ಪಾಠವನ್ನು ಹಿಂದಿನ ರಾತ್ರಿಯೇ ಒಮ್ಮೆ ಓದಿಕೊಂಡು ಹೋಗುವುದು ಇನ್ನೊಂದು ಉಪಾಯ. ಪೂರ್ತಿ ಅರ್ಥವಾಗಬೇಕೆಂದಿಲ್ಲ, ಶೀರ್ಷಿಕೆಗಳು ಮತ್ತು ಚಿತ್ರಗಳು ಪರಿಚಯವಾದರೂ ಸಾಕು. ಜೊತೆಗೆ, ಕಲಾ ಮತ್ತು ವಾಣಿಜ್ಯ ಪದವಿಯ ಅನೇಕ ವಿಷಯಗಳ ಪರೀಕ್ಷೆಯನ್ನು ಕನ್ನಡದಲ್ಲಿಯೇ ಬರೆಯಲು ಅವಕಾಶವಿರುತ್ತದೆ. ನಿಮ್ಮ ವಿಷಯಕ್ಕೆ ಅದು ಅನ್ವಯಿಸುತ್ತದೆಯೇ ಎಂದು ಉಪನ್ಯಾಸಕರನ್ನು ಕೇಳಿ ಖಚಿತಪಡಿಸಿಕೊಳ್ಳಿ. ಬಿಸಿಎ, ಬಿಬಿಎ, ವಿಜ್ಞಾನ ಮತ್ತು ಎಂಜಿನಿಯರಿಂಗ್ ಓದುವವರು ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಬರೆಯಬೇಕಾಗುವುದರಿಂದ ಅವರು ಮೊದಲ ತಿಂಗಳಿನಿಂದಲೇ ದಿನಕ್ಕೊಂದು ಪುಟದಷ್ಟು ಉತ್ತರವನ್ನು ಸ್ವಂತ ವಾಕ್ಯಗಳಲ್ಲಿ ಬರೆದು ಅಭ್ಯಾಸ ಮಾಡುವುದು ಒಳ್ಳೆಯದು. ವ್ಯಾಕರಣದ ತಪ್ಪುಗಳಿಗೆ ಹೆದರಿ ಗೈಡಿನ ಉತ್ತರವನ್ನು ಬಾಯಿಪಾಠ ಮಾಡಲು ಹೊರಟರೆ ಎರಡನೆಯ ಸೆಮಿಸ್ಟರಿನಲ್ಲಿ ಉಸಿರು ಕಟ್ಟುತ್ತದೆ.

ಉಪನ್ಯಾಸಕರನ್ನು ‘ಸರ್, ಇದೊಂದನ್ನು ಕನ್ನಡದಲ್ಲಿ ಹೇಳುತ್ತೀರಾ’ ಎಂದು ಕೇಳಲು ಸಂಕೋಚಪಡಬೇಡಿ. ತರಗತಿಯಲ್ಲಿ ಕೇಳಲಾಗದಿದ್ದರೆ ತರಗತಿ ಮುಗಿದ ಮೇಲೆ ಬಾಗಿಲ ಬಳಿ ನಿಂತು ಕೇಳಿ, ಅಥವಾ ಸ್ಟಾಫ್ ರೂಮಿಗೆ ಬನ್ನಿ. ನಮ್ಮಲ್ಲಿ ಅನೇಕರು ಇದೇ ಜಿಲ್ಲೆಯ ಕನ್ನಡ ಶಾಲೆಗಳಲ್ಲಿ ಓದಿದವರೇ.

ಊರಿನಿಂದ ದಿನವೂ ಓಡಾಡುವುದು ಒಳ್ಳೆಯದೋ, ಹಾಸನದಲ್ಲೇ ಉಳಿಯುವುದು ಒಳ್ಳೆಯದೋ?

ಬೇಲೂರು, ಸಕಲೇಶಪುರ, ಚನ್ನರಾಯಪಟ್ಟಣ, ಅರಸೀಕೆರೆ ಈ ನಾಲ್ಕೂ ಪಟ್ಟಣಗಳು ಹಾಸನಕ್ಕೆ ಹೆಚ್ಚುಕಡಿಮೆ ನಲವತ್ತು ಕಿಲೋಮೀಟರ್ ದೂರದಲ್ಲಿವೆ. ಪಟ್ಟಣದಲ್ಲೇ ಮನೆಯಿದ್ದವರು ಓಡಾಡಬಹುದು. ಸಾವಿರಾರು ಮಂದಿ ಓಡಾಡಿ ಓದಿದ್ದಾರೆ. ಆದರೆ ಪಟ್ಟಣದಿಂದ ಒಳಗೆ ಇನ್ನೂ ಹತ್ತು ಹದಿನೈದು ಕಿಲೋಮೀಟರ್ ಹೋಗಬೇಕಾದ ಹಳ್ಳಿಯವರು ಲೆಕ್ಕ ಹಾಕಬೇಕಾದದ್ದು ಹಾಸನದ ದೂರವನ್ನಲ್ಲ, ಮನೆಯಿಂದ ಮೊದಲ ಬಸ್ಸಿನವರೆಗಿನ ದಾರಿಯನ್ನು ಮತ್ತು ಸಂಜೆಯ ಕೊನೆಯ ಬಸ್ಸಿನ ವೇಳೆಯನ್ನು. ಪ್ರಯೋಗಾಲಯದ ತರಗತಿ ಸಂಜೆ ನಾಲ್ಕೂವರೆಗೆ ಮುಗಿದರೆ ಆ ಬಸ್ಸು ಸಿಗುತ್ತದೆಯೇ ಎಂದು ವೇಳಾಪಟ್ಟಿ ಕೈಗೆ ಬಂದ ಕೂಡಲೇ ನೋಡಿ.

ಆಲೂರು, ಸಕಲೇಶಪುರ, ಬೇಲೂರು ತಾಲ್ಲೂಕುಗಳ ಕಾಫಿ ತೋಟಗಳ ನಡುವಿನ ಹಾದಿಯಲ್ಲಿ ಕಾಡಾನೆಗಳ ಓಡಾಟವಿದೆ. ನಸುಕಿನಲ್ಲಿ ಒಬ್ಬರೇ ನಡೆದು ಬಸ್ಸು ಹಿಡಿಯಬೇಕಾದ ಮಕ್ಕಳ ಬಗ್ಗೆ ನನಗೆ ನಿಜವಾಗಿಯೂ ಆತಂಕವಿದೆ. ಆನೆಗಳು ಎಲ್ಲಿವೆ ಎಂಬ ಮಾಹಿತಿಯನ್ನು ಅರಣ್ಯ ಇಲಾಖೆ ಮೊಬೈಲ್ ಸಂದೇಶಗಳ ಮೂಲಕ ತಿಳಿಸುತ್ತದೆ. ಆ ಸಂದೇಶಗಳು ಮನೆಯ ಒಬ್ಬರ ಫೋನಿಗಾದರೂ ಬರುವಂತೆ ನೋಡಿಕೊಳ್ಳಿ, ಬೆಳಕು ಹರಿಯುವ ಮೊದಲು ಒಂಟಿಯಾಗಿ ಹೊರಡಬೇಡಿ. ಮೊದಲ ಪೀರಿಯಡ್ ತಪ್ಪಿದರೂ ಚಿಂತೆಯಿಲ್ಲ, ಕಾರಣವನ್ನು ಮೆಂಟರ್‌ಗೆ ಮೊದಲೇ ತಿಳಿಸಿಟ್ಟರೆ ಅವರು ಅರ್ಥಮಾಡಿಕೊಳ್ಳುತ್ತಾರೆ. ಇಂಥ ಹಾದಿಯವರಿಗೆ ಕನಿಷ್ಠ ಮಳೆಗಾಲ ಮುಗಿಯುವವರೆಗಾದರೂ ಹಾಸ್ಟೆಲ್ ಉತ್ತಮ ಎಂಬುದು ನನ್ನ ಖಚಿತ ಅಭಿಪ್ರಾಯ.

ಹೊಳೆನರಸೀಪುರ, ಅರಸೀಕೆರೆ, ಸಕಲೇಶಪುರಗಳಿಗೆ ರೈಲು ಮಾರ್ಗವೂ ಇದೆ. ವಿದ್ಯಾರ್ಥಿಗಳಿಗೆ ಸೀಸನ್ ಟಿಕೆಟ್ಟಿನಲ್ಲಿ ರಿಯಾಯಿತಿ ಇರುವುದರಿಂದ, ವೇಳೆ ಹೊಂದಿಕೆಯಾದರೆ ನಿಲ್ದಾಣದಲ್ಲಿ ವಿಚಾರಿಸಿ ನೋಡಿ. ಆಶ್ವಯುಜದಲ್ಲಿ ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳಲ್ಲಿ ಮಾತ್ರ ನಗರದ ಬಸ್ಸುಗಳೂ ರಸ್ತೆಗಳೂ ತುಂಬಿರುತ್ತವೆ. ಆಗ ಕಾಲೇಜಿಗೆ ಬರುವವರು ಒಂದು ಬಸ್ಸು ಮೊದಲೇ ಹೊರಡಬೇಕು.

ಬಸ್ ಪಾಸ್ ಮಾಡಿಸುವುದು ಹೇಗೆ?

ಕೆಎಸ್‌ಆರ್‌ಟಿಸಿ ವಿದ್ಯಾರ್ಥಿ ಪಾಸಿಗೆ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಸಲ್ಲಿಸಬೇಕು. ಕಾಲೇಜಿನ ಶುಲ್ಕದ ರಸೀದಿ ಮತ್ತು ಫೋಟೊ ಬೇಕಾಗುತ್ತವೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ರಾಜ್ಯದ ವಿದ್ಯಾರ್ಥಿನಿಯರು ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದಾದ್ದರಿಂದ ಅವರಿಗೆ ಪಾಸಿನ ಅಗತ್ಯ ಬೀಳುವುದಿಲ್ಲ. ಆಧಾರ್‌ನಂಥ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಪಡೆದರೆ ಸಾಕು.

ಮಳೆಗೆ ನಮ್ಮ ತಾಲ್ಲೂಕಿಗೆ ರಜೆ ಘೋಷಿಸಿದ್ದಾರೆ. ಕಾಲೇಜಿಗೆ ಹೋಗಬೇಕೇ?

ಈ ಗೊಂದಲ ಮಲೆನಾಡಿನ ಅಂಚಿನಲ್ಲಿರುವ ನಮ್ಮ ಜಿಲ್ಲೆಗೆ ಪ್ರತಿ ಜುಲೈ ತಿಂಗಳಿನಲ್ಲಿ ಎದುರಾಗುತ್ತದೆ. ರಜೆಯನ್ನು ತಾಲ್ಲೂಕುವಾರು ಘೋಷಿಸುವುದೇ ಹೆಚ್ಚು. ನಿಮ್ಮ ಮನೆ ಸಕಲೇಶಪುರದಲ್ಲಿದ್ದು ಕಾಲೇಜು ಹಾಸನದಲ್ಲಿದ್ದರೆ ಅಲ್ಲಿಯ ರಜೆ ಇಲ್ಲಿಗೆ ಅನ್ವಯಿಸುವುದಿಲ್ಲ. ಎಷ್ಟೋ ಬಾರಿ ಆದೇಶ ಅಂಗನವಾಡಿಯಿಂದ ಪಿಯು ಕಾಲೇಜಿನವರೆಗೆ ಮಾತ್ರ ಇರುತ್ತದೆ, ಪದವಿ ಕಾಲೇಜಿನ ಹೆಸರಿರುವುದಿಲ್ಲ. ಆದ್ದರಿಂದ ವಾಟ್ಸ್‌ಆ್ಯಪಿನಲ್ಲಿ ಬಂದ ಚಿತ್ರವನ್ನು ಪೂರ್ತಿ ಓದಿ, ದಿನಾಂಕ ನೋಡಿ. ಹಿಂದಿನ ವರ್ಷದ ಆದೇಶಗಳೂ ಹರಿದಾಡುತ್ತವೆ. ರಸ್ತೆಯೇ ಬಂದ್ ಆಗಿ ಬರಲಾಗದಿದ್ದರೆ ಅದೇ ದಿನ ಮೆಂಟರ್‌ಗೆ ಸಂದೇಶ ಕಳುಹಿಸಿ, ಮರುದಿನ ರಜಾ ಚೀಟಿ ಕೊಡಿ. ಪ್ರಾಣಕ್ಕಿಂತ ಹಾಜರಾತಿ ದೊಡ್ಡದೆಂದು ಯಾವ ಉಪನ್ಯಾಸಕರೂ ಹೇಳುವುದಿಲ್ಲ.

ಸರ್ಕಾರಿ ಹಾಸ್ಟೆಲಿಗೆ ಅರ್ಜಿ ಹಾಕಿದ್ದೇನೆ, ಇನ್ನೂ ಪಟ್ಟಿ ಬಂದಿಲ್ಲ. ಅಲ್ಲಿಯವರೆಗೆ ಏನು ಮಾಡಲಿ?

ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ ಮತ್ತು ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳ ಆಯ್ಕೆ ಪಟ್ಟಿ ಅನೇಕ ವೇಳೆ ತರಗತಿ ಆರಂಭವಾದ ಮೇಲೆಯೇ ಹೊರಬೀಳುತ್ತದೆ. ಈ ನಡುವಿನ ದಿನಗಳಲ್ಲಿ ಪಿಜಿಗೆ (ಹಣ ಕೊಟ್ಟು ಉಳಿಯುವ ಖಾಸಗಿ ವಸತಿಗೆ) ಸೇರುವುದಾದರೆ ಮೂರು ತಿಂಗಳ ಮುಂಗಡ ಕೇಳುವಲ್ಲಿ ಸೇರಬೇಡಿ. ತಿಂಗಳ ಲೆಕ್ಕದಲ್ಲಿ ಕೊಡುವವರು ಕಾಲೇಜುಗಳ ಆಸುಪಾಸಿನಲ್ಲಿ ಸಿಗುತ್ತಾರೆ. ಹಣ ಕೊಟ್ಟದ್ದಕ್ಕೆ ರಸೀದಿ ಪಡೆಯಿರಿ, ನೀರು ಮತ್ತು ಶೌಚಾಲಯ ನೋಡಿದ ಮೇಲೆಯೇ ಒಪ್ಪಿಕೊಳ್ಳಿ. ಹಾಸ್ಟೆಲ್ ಸಿಗದೇ ಹೋದ ಹಿಂದುಳಿದ ವರ್ಗಗಳ ಅರ್ಹ ವಿದ್ಯಾರ್ಥಿಗಳಿಗೆ ಊಟ ಮತ್ತು ವಸತಿಗೆ ನೆರವಾಗುವ ವಿದ್ಯಾಸಿರಿ ಯೋಜನೆಯಿದೆ ಎಂಬುದು ಬಹಳ ಮಂದಿಗೆ ತಿಳಿದಿರುವುದಿಲ್ಲ.

ಸೀನಿಯರ್‌ಗಳು ಕರೆದು ಪರಿಚಯ ಹೇಳಿಸುತ್ತಾರೆ. ಇದು ರ‍್ಯಾಗಿಂಗ್ ಆಗುತ್ತದೆಯೇ?

ಹೆಸರು, ಊರು ಕೇಳಿ ನೋಟ್ಸ್ ಬೇಕಾದರೆ ಹೇಳು ಎನ್ನುವವರು ಸ್ನೇಹಿತರು. ಆದರೆ ಒಲ್ಲೆನೆಂದರೂ ಹಾಡಿಸುವುದು, ಕುಣಿಸುವುದು, ತಮ್ಮ ರೆಕಾರ್ಡ್ ಬುಕ್ ಬರೆಸುವುದು, ಪಾರ್ಟಿಗೆ ದುಡ್ಡು ಕೀಳುವುದು, ಜಾತಿ, ಬಣ್ಣ ಅಥವಾ ಊರಿನ ಮಾತಿನ ಧಾಟಿಯನ್ನು ಆಡಿಕೊಳ್ಳುವುದು, ಮೊಬೈಲಿನಲ್ಲಿ ಹೀಯಾಳಿಸುವುದು ಇವೆಲ್ಲ ರ‍್ಯಾಗಿಂಗ್. ಯುಜಿಸಿಯ 2009ರ ನಿಯಮಾವಳಿಯ ಪ್ರಕಾರ ಜೂನಿಯರ್‌ಗಳಿಂದ ತಮ್ಮ ಓದಿನ ಕೆಲಸ ಮಾಡಿಸಿಕೊಳ್ಳುವುದೂ, ಹಣ ವಸೂಲಿ ಮಾಡುವುದೂ, ಮಾನಸಿಕ ಹಿಂಸೆ ಕೊಡುವುದೂ ಶಿಕ್ಷಾರ್ಹ. ತಪ್ಪಿತಸ್ಥರನ್ನು ಕಾಲೇಜಿನಿಂದಲೇ ತೆಗೆದುಹಾಕಬಹುದು. ಪ್ರವೇಶದ ವೇಳೆ ನೀವೂ ಪೋಷಕರೂ ಸಹಿ ಹಾಕಿದ ಮುಚ್ಚಳಿಕೆ ಇದೇ ನಿಯಮದ ಭಾಗ.

ದೂರನ್ನು ಪ್ರಾಂಶುಪಾಲರಿಗೆ, ವಾರ್ಡನ್‌ಗೆ ಅಥವಾ ಕಾಲೇಜಿನ ರ‍್ಯಾಗಿಂಗ್ ತಡೆ ಸಮಿತಿಯ ಯಾವ ಸದಸ್ಯರಿಗಾದರೂ ಕೊಡಬಹುದು. ಸ್ಥಳೀಯವಾಗಿ ಹೇಳಲು ಭಯವಾದರೆ 1800-180-5522 ಎಂಬ ರಾಷ್ಟ್ರೀಯ ಸಹಾಯವಾಣಿಗೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ. ಲೈಂಗಿಕ ಕಿರುಕುಳದ ದೂರುಗಳಿಗೆ ಪ್ರತಿ ಕಾಲೇಜಿನಲ್ಲಿಯೂ ಆಂತರಿಕ ದೂರು ಸಮಿತಿ ಇರಲೇಬೇಕು. ಅದರ ಸದಸ್ಯರ ಹೆಸರುಗಳು ಸೂಚನಾ ಫಲಕದಲ್ಲಿ ಇವೆಯೇ ನೋಡಿ, ಇಲ್ಲವಾದರೆ ಕೇಳಿ. ‘ಎಲ್ಲರಿಗೂ ಆಗಿದೆ, ಸಹಿಸಿಕೋ’ ಎಂದು ಹೇಳುವ ಅಣ್ಣಂದಿರ ಮಾತನ್ನು ದಯವಿಟ್ಟು ಕೇಳಬೇಡಿ.

ಯಾರೂ ಗೆಳೆಯರಾಗಿಲ್ಲ. ಎಲ್ಲರೂ ಆಗಲೇ ಗುಂಪು ಕಟ್ಟಿಕೊಂಡಿದ್ದಾರೆ.

ನೀವು ನೋಡುತ್ತಿರುವ ಗುಂಪುಗಳು ಬಹುಪಾಲು ಹಾಸನದಲ್ಲೇ ಒಟ್ಟಿಗೆ ಪಿಯು ಓದಿ ಬಂದವರವು. ಅವು ಮೊದಲ ಕಿರುಪರೀಕ್ಷೆಯ ಹೊತ್ತಿಗೆ ಸಡಿಲಗೊಂಡು ಹೊಸದಾಗಿ ಕೂಡಿಕೊಳ್ಳುತ್ತವೆ. ಅಲ್ಲಿಯವರೆಗೆ ಪಕ್ಕದ ಬೆಂಚಿನವರನ್ನು ‘ನೀವು ಯಾವ ಊರು’ ಎಂದು ಕೇಳಿದರೆ ಸಾಕು. ಒಂದೇ ಬಸ್ಸಿನಲ್ಲಿ ಬರುವವರು, ಒಂದೇ ಲ್ಯಾಬ್ ಬ್ಯಾಚಿನವರು ಬೇಗ ಹತ್ತಿರವಾಗುತ್ತಾರೆ. ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಅಥವಾ ಎನ್‌ಸಿಸಿಗೆ ಹೆಸರು ಕೊಡುವುದು ಮಾತು ಕಡಿಮೆಯಿರುವವರಿಗೆ ಬಹಳ ಒಳ್ಳೆಯ ದಾರಿ. ಎನ್‌ಎಸ್‌ಎಸ್‌ನಲ್ಲಿ ವರ್ಷಕ್ಕೆ 120 ಗಂಟೆಗಳ ಸೇವೆ ಮತ್ತು ಹಳ್ಳಿಯಲ್ಲಿ ಏಳು ದಿನಗಳ ಶಿಬಿರ ಇರುತ್ತದೆ. ಒಟ್ಟಿಗೆ ಸಲಿಕೆ ಹಿಡಿದವರು, ಅಡುಗೆ ಬಡಿಸಿದವರು ಪರಸ್ಪರ ಅಪರಿಚಿತರಾಗಿ ಉಳಿಯುವುದಿಲ್ಲ. ಹೆಸರು ನೋಂದಾಯಿಸುವುದು ಮೊದಲ ಎರಡು ಮೂರು ವಾರಗಳಲ್ಲಿಯೇ ಆದ್ದರಿಂದ ಸೂಚನಾ ಫಲಕದ ಮೇಲೆ ಕಣ್ಣಿಡಿ.

ತಪ್ಪು ವಿಷಯ ಆರಿಸಿಕೊಂಡೆ ಅನಿಸುತ್ತಿದೆ. ಬದಲಾಯಿಸಬಹುದೇ?

ಪದವಿ ಕಾಲೇಜುಗಳಲ್ಲಿ ವಿಷಯ ಸಂಯೋಜನೆ ಅಥವಾ ಭಾಷೆಯನ್ನು ಬದಲಾಯಿಸಲು ಪ್ರವೇಶದ ಕೊನೆಯ ದಿನಾಂಕದವರೆಗೆ, ಸೀಟು ಖಾಲಿಯಿದ್ದರೆ, ಸಾಮಾನ್ಯವಾಗಿ ಅವಕಾಶವಿರುತ್ತದೆ. ಆಮೇಲೆ ಬಹಳ ಕಷ್ಟ. ಹಾಗೆಂದು ಎರಡು ತರಗತಿ ಕೇಳಿ ನಿರ್ಧರಿಸಬೇಡಿ. ಪಾಠ ಕಷ್ಟವೆನಿಸುತ್ತಿದೆಯೋ, ವಿಷಯವೇ ಬೇಡವೆನಿಸುತ್ತಿದೆಯೋ ಎಂಬುದನ್ನು ವಿಭಾಗದ ಉಪನ್ಯಾಸಕರೊಬ್ಬರ ಜೊತೆ ಹತ್ತು ನಿಮಿಷ ಮಾತಾಡಿ ತಿಳಿದುಕೊಳ್ಳಿ. ಎಂಜಿನಿಯರಿಂಗ್ ಶಾಖೆಯ ಬದಲಾವಣೆಗೆ ಬೇರೆ ನಿಯಮಗಳಿವೆ.

ಪುಸ್ತಕಗಳನ್ನೆಲ್ಲ ಈಗಲೇ ಕೊಳ್ಳಬೇಕೇ?

ಬೇಡ. ಮೊದಲು ಗ್ರಂಥಾಲಯದ ಕಾರ್ಡು ಮಾಡಿಸಿ. 2024-25ರಿಂದ ರಾಜ್ಯದಲ್ಲಿ ಪದವಿ ಮತ್ತೆ ಮೂರು ವರ್ಷದ್ದಾಗಿ, ಪಠ್ಯಕ್ರಮವೂ ಬದಲಾಗಿದೆ. ಅದಕ್ಕೂ ಮೊದಲು ಸೇರಿದವರ ಹಳೆಯ ಪುಸ್ತಕಗಳು ಅರ್ಧ ಬೆಲೆಗೆ ಸಿಕ್ಕರೂ ನಿಮ್ಮ ಪಠ್ಯಕ್ರಮಕ್ಕೆ ಹೊಂದುತ್ತವೆಯೇ ಎಂದು ನೋಡಿಕೊಂಡೇ ಕೊಳ್ಳಿ.

ವಿದ್ಯಾರ್ಥಿವೇತನಕ್ಕೆ ಈ ವಾರವೇ ಮಾಡಬೇಕಾದದ್ದು ಏನಾದರೂ ಇದೆಯೇ?

ಇದೆ. ರಾಜ್ಯದ ಇಲಾಖೆಗಳ ಬಹುತೇಕ ವಿದ್ಯಾರ್ಥಿವೇತನಗಳಿಗೆ ಎಸ್‌ಎಸ್‌ಪಿ ಜಾಲತಾಣದಲ್ಲಿಯೇ ಅರ್ಜಿ ಸಲ್ಲಿಸಬೇಕು. ಹಣ ಬರುವುದು ಆಧಾರ್ ಜೋಡಣೆಯಾದ ನಿಮ್ಮದೇ ಬ್ಯಾಂಕ್ ಖಾತೆಗೆ. ಖಾತೆಗೆ ಆಧಾರ್ ಸಂಖ್ಯೆ ಕೊಟ್ಟಿದ್ದರೆ ಸಾಲದು, ಎನ್‌ಪಿಸಿಐ ಜೋಡಣೆ, ಅಂದರೆ ಆಧಾರ್ ಮೂಲಕ ಬರುವ ಸರ್ಕಾರದ ಹಣ ಈ ಖಾತೆಗೇ ಸೇರಲಿ ಎಂಬ ನೋಂದಣಿ, ಆಗಿರಬೇಕು. ಬ್ಯಾಂಕಿನಲ್ಲಿ ಇದೇ ಮಾತನ್ನು ಹೇಳಿ ಕೇಳಿ. ಅಂಕಪಟ್ಟಿ ಮತ್ತು ಆಧಾರ್‌ಗಳಲ್ಲಿ ಹೆಸರಿನ ಇನಿಷಿಯಲ್ ಬೇರೆಯಾಗಿದ್ದರೆ ಈಗಲೇ ತಿದ್ದಿಸಲು ಆರಂಭಿಸಿ. ಆದಾಯ ಪ್ರಮಾಣಪತ್ರ ಐದು ವರ್ಷಕ್ಕೆ ಮಾತ್ರ ಊರ್ಜಿತ. ಎಂಟನೆಯ ತರಗತಿಯಲ್ಲಿ ಮಾಡಿಸಿದ್ದನ್ನೇ ನಂಬಿಕೊಂಡಿದ್ದವರು ಅರ್ಜಿಯ ಕೊನೆಯ ದಿನ ನಾಡಕಚೇರಿಯ ಮುಂದೆ ನಿಲ್ಲಬೇಕಾಗುತ್ತದೆ. ಇನ್ನೂರು ಮುನ್ನೂರು ಕೂಲಿಯ ದುಡ್ಡಿನಲ್ಲಿ ಮಕ್ಕಳನ್ನು ಓದಿಸುತ್ತಿರುವ ಮನೆಗಳಿಗೆ ಈ ಹಣ ಎಷ್ಟು ಮುಖ್ಯವೆಂದು ಬಲ್ಲ ಕಾರಣಕ್ಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮಗಳು ಹಾಸ್ಟೆಲಿನಿಂದ ಫೋನ್ ಮಾಡಿ ಅಳುತ್ತಾಳೆ. ಕರೆದುಕೊಂಡು ಬಂದುಬಿಡಲೇ?

ಪೋಷಕರಾದ ನೀವು ಮೊದಲು ಅವಳ ಮಾತನ್ನು ಪೂರ್ತಿ ಕೇಳಬೇಕು. ಯಾರಾದರೂ ತೊಂದರೆ ಕೊಡುತ್ತಿದ್ದಾರೆಯೇ, ಮೈಗೆ ಹುಷಾರಿಲ್ಲವೇ, ಊಟ ಸೇರುತ್ತಿಲ್ಲವೇ, ಬರೀ ಮನೆಯ ನೆನಪೇ ಎಂಬುದು ‘ಅಳಬೇಡ, ಧೈರ್ಯವಾಗಿರು’ ಎಂದು ಮಾತು ಮುಗಿಸಿದರೆ ತಿಳಿಯುವುದಿಲ್ಲ. ತೊಂದರೆ ಕೊಡುವವರಿದ್ದರೆ ಅಂದೇ ವಾರ್ಡನ್ ಜೊತೆ ಮಾತಾಡಿ, ಅಗತ್ಯವಿದ್ದರೆ ಹೊರಟು ಬನ್ನಿ.

ಮನೆಯ ನೆನಪಾದರೆ, ಅದು ದೌರ್ಬಲ್ಯವಲ್ಲ. ಅವ್ವನ ದನಿ, ದನದ ಕೊಟ್ಟಿಗೆಯ ಸಪ್ಪಳ, ಹೊತ್ತಿಗೆ ಸರಿಯಾಗಿ ತಟ್ಟೆಗೆ ಬೀಳುತ್ತಿದ್ದ ಮುದ್ದೆ ಅಥವಾ ಅಕ್ಕಿರೊಟ್ಟಿ ಎಲ್ಲವೂ ಒಂದೇ ದಿನದಲ್ಲಿ ಇಲ್ಲವಾದಾಗ ಮನಸ್ಸು ಕದಡುವುದು ಸಹಜ. ಹಗಲಿನಲ್ಲಿ ತರಗತಿಗಳಿರುವುದರಿಂದ ತಿಳಿಯುವುದಿಲ್ಲ. ಸಂಜೆ ಐದರಿಂದ ರಾತ್ರಿ ಊಟದವರೆಗಿನ ಹೊತ್ತು ಕಷ್ಟದ್ದು. ಆ ಹೊತ್ತಿನಲ್ಲಿ ಕೋಣೆಯಲ್ಲಿ ಒಬ್ಬಳೇ ಮಲಗದೆ ರೂಮ್‌ಮೇಟ್ ಜೊತೆ ಹೊರಗೆ ಓಡಾಡಿ ಬರಲು, ಮಹಾರಾಜ ಪಾರ್ಕಿನಂಥ ಕಡೆ ಒಂದು ಸುತ್ತು ಹಾಕಲು, ಊಟಕ್ಕೆ ಎಲ್ಲರ ಜೊತೆ ಕೂರಲು ಹೇಳಿ. ದಿನಕ್ಕೆ ಒಂದು ಹೊತ್ತು ಗೊತ್ತುಮಾಡಿಕೊಂಡು ಫೋನ್ ಮಾಡಿ. ಗಂಟೆಗೊಮ್ಮೆ ಮಾಡಿದರೆ ಅವಳಿಗೆ ಅಲ್ಲಿ ಬೇರೂರಲು ಆಗುವುದಿಲ್ಲ. ಕರೆದುಕೊಂಡು ಬರುವ ನಿರ್ಧಾರವನ್ನು ಒಂದು ತಿಂಗಳಾದರೂ ಮುಂದಕ್ಕೆ ಹಾಕಿ. ಹೆಚ್ಚಿನವರಿಗೆ ಅಷ್ಟರೊಳಗೆ ದಾರಿ ಸಿಕ್ಕಿರುತ್ತದೆ.

ಆದರೆ ಎರಡು ವಾರವಾದರೂ ನಿದ್ದೆಯಿಲ್ಲ, ಊಟವಿಲ್ಲ, ಯಾರೊಡನೆಯೂ ಮಾತಿಲ್ಲವೆಂದರೆ ವೈದ್ಯರನ್ನು ಕಾಣಬೇಕು. ಬದುಕು ಬೇಡವೆಂಬ ಮಾತು ಒಮ್ಮೆ ಬಂದರೂ ಎರಡು ವಾರ ಕಾಯಬಾರದು. ಅಂದೇ ಅವಳ ಬಳಿಗೆ ಹೋಗಿ, ಒಬ್ಬಳನ್ನೇ ಬಿಡಬೇಡಿ, ವೈದ್ಯರ ಬಳಿ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ, ಹಣವಿಲ್ಲದೆ, ರಾತ್ರಿಯಲ್ಲಿಯೂ ಆಪ್ತಸಮಾಲೋಚಕರು ಮಾತಾಡುತ್ತಾರೆ. ಗಂಡುಮಕ್ಕಳ ಪೋಷಕರಿಗೂ ಇದೇ ಮಾತು. ಅವರು ಫೋನಿನಲ್ಲಿ ಅಳುವುದಿಲ್ಲ, ಅಷ್ಟೇ.

ವಾರದ ಕೊನೆಗೆ ಊರಿಗೆ ಹೋಗಿ ಬರಬಹುದೇ?

ಮೊದಲ ವಾರಾಂತ್ಯ ಹಾಸನದಲ್ಲೇ ಉಳಿದರೆ ಒಗ್ಗಿಕೊಳ್ಳುವುದು ಸುಲಭ ಎನ್ನುವವರಿದ್ದಾರೆ. ನಾನು ಹಾಗೆ ಕಟ್ಟುನಿಟ್ಟು ಮಾಡುವುದಿಲ್ಲ. ಮನಸ್ಸು ಎಳೆಯುತ್ತಿದ್ದರೆ ಹೋಗಿ ಬನ್ನಿ. ಹಾಸ್ಟೆಲಿನ ರಿಜಿಸ್ಟರಿನಲ್ಲಿ ಹೊರಡುವ ಮತ್ತು ಮರಳುವ ವೇಳೆ ಬರೆದು, ಮನೆಯವರಿಂದ ವಾರ್ಡನ್‌ಗೆ ಒಂದು ಫೋನ್ ಮಾಡಿಸಿ. ಸೋಮವಾರ ಬೆಳಗ್ಗೆಯ ಬಸ್ಸನ್ನು ನಂಬದೆ ಭಾನುವಾರ ಸಂಜೆಯೇ ಹಿಂತಿರುಗಿ, ಬರುವಾಗ ಬಾಕಿ ಉಳಿದ ಜೆರಾಕ್ಸ್ ಪ್ರತಿಗಳನ್ನೂ ಮಳೆಗಾಲವಾದರೆ ಒಂದು ಜರ್ಕಿನ್ ಮತ್ತು ಹೊದೆಯಲು ಇನ್ನೊಂದು ಕಂಬಳಿಯನ್ನೂ ತನ್ನಿ.